ನಲವತ್ತು ಸೆಕೆಂಡಿನಲ್ಲಿ ತಪ್ಪು ಹುಡುಕುವುದು

"ಅಣ್ಣಾ, ಇದ್ರಾಗ ತಪ್ಪೇ ಇಲ್ಲ. 'ನೋ ಎರರ್' ಅಂತ ಹಾಕ್ಲಾ?"

ರಾತ್ರಿ ಒಂಬತ್ತೂವರೆ. ನಾನು ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ನನ್ನ ಚಿಕ್ಕಮ್ಮನ ಮಗಳು ಜೇವರ್ಗಿಯ ಅವರ ಮನೆಯ ಮಾಳಿಗೆ ಮೇಲೆ ಕೂತಿದ್ದಳು, ಯಾಕಂದ್ರೆ ನೆಟ್‌ವರ್ಕ್ ಅಲ್ಲಿ ಮಾತ್ರ ಸರಿಯಾಗಿ ಸಿಗುತ್ತದೆ. ಅವಳು ಓದಿದ ವಾಕ್ಯ ಇದು: "ಐ ಆಮ್ ಲಿವಿಂಗ್ ಇನ್ ಕಲಬುರಗಿ ಸಿನ್ಸ್ ಟೆನ್ ಇಯರ್ಸ್."

ಅವತ್ತು ಆಫೀಸಿನಲ್ಲಿ ಕೆಲಸ ಜಾಸ್ತಿ ಇತ್ತು. ತಲೆ ಕಾದಿತ್ತು. "ಇಷ್ಟ್ ಸಿಂಪಲ್ ಬರೋದಿಲ್ಲೇನ್ ನಿನಗ? ಎರಡು ವರ್ಷ ಏನ್ ಓದ್ದಿ?" ಅಂದುಬಿಟ್ಟೆ. ಆ ಕಡೆಯಿಂದ ಮಾತು ಬರಲಿಲ್ಲ. "ನಿದ್ದಿ ಬರ್ಲಕತ್ತದ ಅಣ್ಣಾ, ನಾಳಿ ಮಾಡ್ತೀನಿ" ಅಂತ ಫೋನ್ ಇಟ್ಟಳು. ನಾಳೆ ಬರಲಿಲ್ಲ. ಎಂಟು ದಿನ ಅವಳ ಫೋನ್ ಇಲ್ಲ.

ಅವಳು ಬಿ.ಕಾಂ. ಮುಗಿಸಿ ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ತಯಾರಿ ಮಾಡುತ್ತಿದ್ದಳು. ಎರಡು ಸಲ ಬರೆದಿದ್ದಳು. ಎರಡನೇ ಸಲ ಗಣಿತ, ರೀಸನಿಂಗ್ ಎರಡೂ ಚೆನ್ನಾಗಿ ಆಗಿದ್ದವು. ಇಂಗ್ಲಿಷಿನಲ್ಲಿ ಮಾತ್ರ ಕಟ್‌ಆಫ್ ದಾಟಲಿಲ್ಲ. ಐಬಿಪಿಎಸ್ ಪೂರ್ವಭಾವಿ ಪರೀಕ್ಷೆಯ ಲೆಕ್ಕ ಹೀಗಿದೆ ನೋಡಿ: ಒಟ್ಟು 100 ಪ್ರಶ್ನೆ, ಒಂದು ಗಂಟೆ. ಅದರಲ್ಲಿ ಇಂಗ್ಲಿಷ್ 30 ಪ್ರಶ್ನೆ, 20 ನಿಮಿಷ. ಒಂದು ಪ್ರಶ್ನೆಗೆ 40 ಸೆಕೆಂಡ್. ಮೂರೂ ವಿಭಾಗಗಳಲ್ಲಿ ಬೇರೆ ಬೇರೆಯಾಗಿ ಕಟ್‌ಆಫ್ ದಾಟಬೇಕು. ಗಣಿತದಲ್ಲಿ ಎಷ್ಟೇ ಅಂಕ ಬಂದರೂ ಇಂಗ್ಲಿಷಿನ ಕೊರತೆ ತುಂಬುವುದಿಲ್ಲ. ಸರ್ಕಾರಿ ಬ್ಯಾಂಕುಗಳ ಕ್ಲರ್ಕ್ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಬೇಕು ಅಂತ 2021ರಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಹೇಳಿತು. ಒಳ್ಳೆಯದೇ ಆಯಿತು. ಆದರೆ ಇಂಗ್ಲಿಷ್ ವಿಭಾಗ ಇಂಗ್ಲಿಷಿನಲ್ಲೇ ಇರುತ್ತದಲ್ಲ! ನಮ್ಮ ಕಡೆಯವರಿಗೆ 371(ಜೆ) ಅಡಿ ರಾಜ್ಯ ಸರ್ಕಾರದ ನೌಕರಿಯಲ್ಲಿ ಮೀಸಲಾತಿ ಇದೆ, ಬ್ಯಾಂಕ್ ಪರೀಕ್ಷೆಗೆ ಅದು ಬರುವುದಿಲ್ಲ.

ಮನೆಯಲ್ಲಿ ಚಿಕ್ಕಪ್ಪ ಆಗಲೇ ಹೇಳಿದ್ದರು: "ಇದೊಂದ್ ಸಲ ಬರಿ. ಆಗ್ಲಿಲ್ಲಂದ್ರ ಆ ಹುಡುಗನ ಮನಿಯವರಿಗಿ ನೋಡ್ಲಿಕ್ಕ ಬರ್ರಿ ಅಂತೀನಿ." ಅವರು ಕೆಟ್ಟವರಲ್ಲ. ಹತ್ತಿ, ತೊಗರಿ ನಂಬಿದ ಮನೆ. ಒಂದು ವರ್ಷ ಮಳೆ ಕೈಕೊಟ್ಟರೆ ಮುಂದಿನ ವರ್ಷ ಬೆಲೆ ಕೈಕೊಡುತ್ತದೆ. ಅವರಿಗೆ ಕಾಯುವ ಶಕ್ತಿ ಅಷ್ಟೇ ಇತ್ತು.

ನಾನು ಮನೆಯಲ್ಲಿ ಹೇಳದ ಮಾತು

ಅವಳನ್ನು ಬೈದ ರಾತ್ರಿ ನನಗೂ ನಿದ್ದೆ ಬರಲಿಲ್ಲ. ಯಾಕಂದ್ರೆ ಅದೇ 'ಸಿನ್ಸ್' ಒಂದು ಕಾಲಕ್ಕೆ ನನ್ನ ಹೊಟ್ಟೆ ಮೇಲೂ ಹೊಡೆದಿತ್ತು.

ನಾನು ಆಳಂದದವನು. ಹತ್ತನೇ ಕ್ಲಾಸಿನ ತನಕ ಕನ್ನಡ ಮಾಧ್ಯಮ. ನಮಗೆ ಎಬಿಸಿಡಿ ಶುರುವಾಗಿದ್ದೇ ಐದನೇ ಕ್ಲಾಸಿಗೆ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಉರ್ದು-ಹಿಂದಿ, ಮಹಾರಾಷ್ಟ್ರದ ಗಡಿ ಹತ್ತಿರ ಇರೋದ್ರಿಂದ ಬೀಗರ ಮನೆಗಳಲ್ಲಿ ಮರಾಠಿ. ಇಂಗ್ಲಿಷ್ ನಮಗೆ ನಾಲ್ಕನೇ ಭಾಷೆ. ಇಂಜಿನಿಯರಿಂಗ್ ಓದುವಾಗ ಆಳಂದ–ಕಲಬುರಗಿ ಬಸ್ಸಿನಲ್ಲಿ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಹೊರರಾಜ್ಯದ ಹುಡುಗರು ಇಂಗ್ಲಿಷಿನಲ್ಲಿ ಏನಾದರೂ ಕೇಳಿದರೆ ನಾನು ಕಿಟಕಿ ಕಡೆ ಮುಖ ತಿರುಗಿಸುತ್ತಿದ್ದೆ.

ಕೊನೇ ವರ್ಷ ಕ್ಯಾಂಪಸ್ಸಿಗೆ ಒಂದು ಕಂಪನಿ ಬಂತು. ಕೋಡಿಂಗ್ ಚೆನ್ನಾಗಿ ಮಾಡಿದೆ. 'ವರ್ಬಲ್' ಅನ್ನುವ ಇಂಗ್ಲಿಷ್ ಭಾಗದಲ್ಲಿ ಬಿದ್ದೆ. ಪಟ್ಟಿಯಲ್ಲಿ ಹೆಸರಿಲ್ಲ. ಮನೆಗೆ ಹೋಗಿ "ಕಂಪನಿನೇ ಬರ್ಲಿಲ್ಲವ್ವ" ಅಂತ ಸುಳ್ಳು ಹೇಳಿದೆ. ಅವ್ವ ಇವತ್ತಿಗೂ ಅದನ್ನೇ ನಂಬಿದ್ದಾಳೆ. ಈ ಲೇಖನ ಯಾರಾದರೂ ಓದಿ ಹೇಳಿದರೆ ಗೊತ್ತಾಗುತ್ತದೆ, ಆಗಲಿ.

ನನ್ನ ಮುತ್ಯಾ ಸಾಲಿ ಕಲಿತಿದ್ದು ನಿಜಾಮರ ಕಾಲದಲ್ಲಿ, ಉರ್ದುವಿನಲ್ಲಿ. ಆಗ ಆಳಂದ, ಅಫಜಲಪುರ, ಜೇವರ್ಗಿ ಎಲ್ಲ ಹೈದರಾಬಾದ್ ಸಂಸ್ಥಾನದಲ್ಲಿದ್ದವು, ಸರ್ಕಾರಿ ಭಾಷೆ ಉರ್ದು. ಅವರಿಗೆ ಉರ್ದು, ನಮಗೆ ಇಂಗ್ಲಿಷ್. ಮನೆಯ ಭಾಷೆ ಒಂದು, ನೌಕರಿಯ ಭಾಷೆ ಇನ್ನೊಂದು. ಈ ಭಾಗದವರಿಗೆ ಇದು ಹೊಸದೇನಲ್ಲ. ಬೈಗುಳ ತಿಂದು ಯಾರೂ ಭಾಷೆ ಕಲಿತಿಲ್ಲ ಅನ್ನೋದೂ ಹೊಸದಲ್ಲ. ಅದನ್ನು ನಾನೇ ಮರೆತಿದ್ದೆ.

ಅಫಜಲಪುರದ ಗೆಳೆಯ ಹೇಳಿದ್ದು

ಪಿಯುಸಿಯಲ್ಲಿ ನನ್ನ ಜೊತೆ ರೂಮಿನಲ್ಲಿದ್ದ ಗೆಳೆಯ ಈಗ ಅಫಜಲಪುರ ತಾಲ್ಲೂಕಿನಲ್ಲಿ ಹೈಸ್ಕೂಲ್ ಇಂಗ್ಲಿಷ್ ಮಾಸ್ತರ್. ಅವನಿಗೆ ಫೋನ್ ಮಾಡಿ ನಡೆದಿದ್ದು ಹೇಳಿದೆ. ಅವನು ನಕ್ಕ.

"ಆಕಿಗಿ ರೂಲ್ ಹೇಳಬ್ಯಾಡೋ. ರೂಲ್ ಆಕಿಗಿ ನಿನಗಿಂತ ಜಾಸ್ತಿ ಬಾಯಿಪಾಠ ಅದಾವ. ಆಕಿ ತಪ್ಪು ಎಲ್ಲಿಂದ ಬರ್ಲಕತ್ತದ ನೋಡು. ಅರ್ಧಕ್ಕರ್ಧ ತಪ್ಪು ಕನ್ನಡದಿಂದ ಬರ್ತಾವ. ಉಳಿದ ಅರ್ಧಕ್ಕ ಕನ್ನಡದಾಗೇ ಔಷಧ ಅದ."

ಈ ಮಾತು ನನಗೆ ನಾಟಿತು. ಸಾಫ್ಟ್‌ವೇರ್ ಕೆಲಸದಲ್ಲಿ ನಾವು ಮಾಡೋದೂ ಇದನ್ನೇ. ಒಂದು ಬಗ್ ಬಂದರೆ ಪ್ರೋಗ್ರಾಮ್ ಬರೆದವನನ್ನು ಬೈದರೆ ಅದು ಸರಿಹೋಗುವುದಿಲ್ಲ, ಅದು ಎಲ್ಲಿ ಹುಟ್ಟಿತು ಅಂತ ಹಿಂದಕ್ಕೆ ಹೋಗಬೇಕು.

ಮುಂದಿನ ಶನಿವಾರ ನಾನು ಜೇವರ್ಗಿಗೇ ಹೋದೆ. ತಂಗಿ ಚಹಾ ಕೊಟ್ಟು ಒಳಗೆ ಹೋದಳು. ಅವಳನ್ನು ಕರೆದು ಕೂರಿಸಿ ಕ್ಯಾಂಪಸ್ಸಿನ ಕತೆ ಪೂರ್ತಿ ಹೇಳಿದೆ, ಸುಳ್ಳು ಹೇಳಿದ್ದೂ ಸೇರಿಸಿ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನಗೂ ಬರ್ತಿರ್ಲಿಲ್ಲೇನ್ ಹಂಗಾದ್ರ!" ಅಂದಳು. ಆ ಮುಖದಲ್ಲಿ ಇದ್ದ ಖುಷಿ ನೋಡಬೇಕಿತ್ತು ನೀವು. ಅವತ್ತೇ ಒಂದು ನೂರು ಪುಟದ ನೋಟ್‌ಬುಕ್ ತಂದೆವು. ಅದರಲ್ಲಿ ರೂಲ್ ಬರೆಯುವಂತಿಲ್ಲ. ಅವಳು ಮಾಡಿದ ತಪ್ಪು ಮಾತ್ರ ಬರೆಯಬೇಕು, ಪಕ್ಕದಲ್ಲಿ ಅದು ಯಾಕೆ ಆಯಿತು ಅಂತ ಬರೆಯಬೇಕು. ಮೊದಲ ಐವತ್ತು ವಾಕ್ಯಗಳಲ್ಲಿ ಅವಳಿಗೆ ಸರಿಯಾಗಿದ್ದು ಹತ್ತೊಂಬತ್ತು. ತಪ್ಪಾದ ಮೂವತ್ತೊಂದನ್ನು ಗುಂಪು ಮಾಡಿದಾಗ ಎಂಟೋ ಒಂಬತ್ತೋ ಬಗೆಯ ತಪ್ಪುಗಳಷ್ಟೇ ಇದ್ದವು. ಪರೀಕ್ಷೆಗೆ ಓದುತ್ತಿರುವವರಿಗೆ ಉಪಯೋಗ ಆಗಲಿ ಅಂತ ಮುಖ್ಯವಾದವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕನ್ನಡದಿಂದ ಬರುವ ತಪ್ಪುಗಳು

ಮೊದಲನೆಯದು ಆ 'ಸಿನ್ಸ್'. ನಾವು "ಸೋಮವಾರದಿಂದ ಜ್ವರ" ಅಂತೀವಿ, "ಮೂರು ದಿನದಿಂದ ಜ್ವರ" ಅಂತಲೂ ಅಂತೀವಿ. ಎರಡಕ್ಕೂ ಒಂದೇ 'ಇಂದ'. ಇಂಗ್ಲಿಷಿಗೆ ಎರಡು ಪದ ಬೇಕು. ಕ್ಯಾಲೆಂಡರಿನಲ್ಲಿ ಬೆರಳಿಟ್ಟು ತೋರಿಸಬಹುದಾದರೆ 'ಸಿನ್ಸ್': ಸಿನ್ಸ್ ಮಂಡೆ, ಸಿನ್ಸ್ 2019. ಬೆರಳು ಮಡಚಿ ಎಣಿಸುವುದಾದರೆ 'ಫಾರ್': ಫಾರ್ ತ್ರೀ ಡೇಸ್, ಫಾರ್ ಟೆನ್ ಇಯರ್ಸ್. ಇನ್ನೂ ಒಂದು ಇದೆ. ನಾವು "ಹತ್ತು ವರ್ಷದಿಂದ ಇಲ್ಲೇ ಇದ್ದೀನಿ" ಅಂತ ವರ್ತಮಾನದಲ್ಲಿ ಹೇಳುತ್ತೇವೆ. ಅದಕ್ಕೇ 'ಆಮ್ ಲಿವಿಂಗ್' ಬಾಯಿಗೆ ಬರುತ್ತದೆ. ಅಂದಿನಿಂದ ಇಂದಿನವರೆಗೆ ನಡೆದುಬಂದದ್ದಕ್ಕೆ ಇಂಗ್ಲಿಷಿನಲ್ಲಿ 'ಹ್ಯಾವ್ ಬೀನ್ ಲಿವಿಂಗ್' ಬೇಕು. ಹಾಗಾಗಿ ಆ ಒಂದು ವಾಕ್ಯದಲ್ಲಿ ಎರಡು ತಪ್ಪು ಇದ್ದವು. ಪರೀಕ್ಷೆಯಲ್ಲಿ ಒಂದೇ ಇರುತ್ತದೆ.

ಎರಡನೆಯದು ನಮ್ಮ 'ಗೆ' ಪ್ರತ್ಯಯ. "ಅವನಿಗೆ ಹೇಳಿದೆ" ಅಂತ ಮನಸ್ಸಿನಲ್ಲಿ ಬಂದರೆ ಕೈ "ಐ ಟೋಲ್ಡ್ ಟು ಹಿಮ್" ಅಂತ ಬರೆಯುತ್ತದೆ. 'ಟೋಲ್ಡ್ ಹಿಮ್' ಸಾಕು. 'ಸೆಡ್' ಬಂದರೆ ಮಾತ್ರ 'ಟು' ಬೇಕು. "ಕಲಬುರಗಿಗೆ ಮುಟ್ಟಿದೆ" ಅನ್ನುವುದರಿಂದ 'ರೀಚ್ಡ್ ಟು ಕಲಬುರಗಿ' ಆಗುತ್ತದೆ, ಅಲ್ಲೂ 'ಟು' ಬೇಡ. ಹಾಗೇ "ಅದರ ಬಗ್ಗೆ ಚರ್ಚಿಸಿದೆವು" ಅನ್ನುವುದು 'ಡಿಸ್ಕಸ್ಡ್ ಅಬೌಟ್' ಆಗುತ್ತದೆ. 'ಡಿಸ್ಕಸ್ಡ್' ಒಳಗೇ 'ಬಗ್ಗೆ' ಇದೆ. "ಅವನ ಜೊತೆ ಮದುವೆ" 'ಮ್ಯಾರೀಡ್ ವಿತ್' ಆಗುತ್ತದೆ, ಆದರೆ ಸರಿ 'ಮ್ಯಾರೀಡ್ ಟು'. "ಗಣಿತದಲ್ಲಿ ಜಾಣೆ" 'ಗುಡ್ ಇನ್ ಮ್ಯಾಥ್ಸ್' ಆಗುತ್ತದೆ, ಪರೀಕ್ಷೆಯವರಿಗೆ ಬೇಕಾದ್ದು 'ಗುಡ್ ಅಟ್'.

ಮೂರನೆಯದು 'ಗಿಂತ'. "ನನಗಿಂತ ಸೀನಿಯರ್" ಅಂದಕೂಡಲೇ 'ಸೀನಿಯರ್ ದ್ಯಾನ್ ಮಿ' ಬರುತ್ತದೆ. ಸೀನಿಯರ್, ಜೂನಿಯರ್, ಸುಪೀರಿಯರ್, ಇನ್ಫೀರಿಯರ್, ಪ್ರಯರ್ ಎಲ್ಲ 'ಯರ್' ಅಂತ ಮುಗಿಯುವ, ಲ್ಯಾಟಿನ್ನಿನಿಂದ ಬಂದ ಪದಗಳು. ಇವಕ್ಕೆ 'ಟು' ಹತ್ತುತ್ತದೆ. "ಕಾಫಿಗಿಂತ ಚಹಾ ಇಷ್ಟ" ಅನ್ನುವಾಗ 'ಪ್ರಿಫರ್' ಬಂದರೂ 'ಟು'.

ನಾಲ್ಕನೆಯದು 'ಎ', 'ಆನ್'. ಕನ್ನಡದಲ್ಲಿ ಇವಕ್ಕೆ ಸಮನಾದದ್ದು ಇಲ್ಲ, ಆದ್ದರಿಂದ ಬಿಟ್ಟುಹೋಗುತ್ತವೆ. ಯಾವುದು ಹಾಕಬೇಕು ಅನ್ನುವುದಕ್ಕೆ ಮಾತ್ರ ನಮ್ಮ ಲಿಪಿ ಸಹಾಯ ಮಾಡುತ್ತದೆ. ಇಂಗ್ಲಿಷ್ ಸ್ಪೆಲಿಂಗ್ ನೋಡಬೇಡಿ, ಪದವನ್ನು ಕನ್ನಡದಲ್ಲಿ ಬರೆದುಕೊಳ್ಳಿ. ಸ್ವರದಿಂದ ಶುರುವಾದರೆ 'ಆನ್', ವ್ಯಂಜನದಿಂದ ಶುರುವಾದರೆ 'ಎ'. 'ಅವರ್' ಅಂದರೆ ಗಂಟೆ, 'ಅ' ಸ್ವರ, ಆದ್ದರಿಂದ ಆನ್ ಅವರ್. 'ಯೂನಿವರ್ಸಿಟಿ', 'ಯ' ವ್ಯಂಜನ, ಆದ್ದರಿಂದ ಎ ಯೂನಿವರ್ಸಿಟಿ. 'ಎಫ್‌ಐಆರ್' ಇದ್ದರೆ ಆನ್ ಎಫ್‌ಐಆರ್. ಇದನ್ನು ಹೇಳಿದಾಗ ತಂಗಿ "ಹಂಗಾದ್ರ ಎ ಎಂಎಲ್‌ಎ" ಅಂದಳು. ಯಾಕವ್ವ ಅಂದ್ರೆ, "ಯೆಮ್ಮೆಲ್ಲೆ ಅಲ್ಲೇನು? 'ಯ' ವ್ಯಂಜನ!" ನಕ್ಕು ಸಾಕಾಯಿತು. ನಾವು 'ಎ'ಗೆ 'ಯೆ', 'ಒ'ಗೆ 'ವೊ' ಅನ್ನುತ್ತೇವೆ. ಅಲ್ಲಿ ಸ್ವಲ್ಪ ಎಚ್ಚರ ಬೇಕು. ಆನ್ ಎಂಎಲ್‌ಎ ಸರಿ. 'ಒನ್' ಮಾತ್ರ ಉಲ್ಟಾ. ನಾವು 'ಒ' ಅಂತ ಬರೆದರೂ ಇಂಗ್ಲಿಷಿನವರ ಬಾಯಲ್ಲಿ ಅದು 'ವನ್', ಹಾಗಾಗಿ ಎ ಒನ್-ರುಪೀ ಕಾಯಿನ್.

ಕನ್ನಡವೇ ಔಷಧವಾಗುವ ಕಡೆ

ಇನ್ನು ಕೆಲವು ತಪ್ಪುಗಳು ಕನ್ನಡದಲ್ಲಿ ಯೋಚಿಸಿದರೆ ಆಗುವುದೇ ಇಲ್ಲ. ಗಾಬರಿಯಲ್ಲಿ ಯೋಚಿಸದೇ ಇರುವುದರಿಂದ ಆಗುತ್ತವೆ.

"ಒನ್ ಆಫ್ ಮೈ ಫ್ರೆಂಡ್ ಆರ್ ಕಮಿಂಗ್." ಇದನ್ನು ಕನ್ನಡಕ್ಕೆ ತನ್ನಿ: ನನ್ನ ಗೆಳತಿಯರಲ್ಲಿ ಒಬ್ಬಳು ಬರುತ್ತಿದ್ದಾಳೆ. ಗೆಳತಿಯರು ಬಹುವಚನ, ಬರುತ್ತಿದ್ದಾಳೆ ಏಕವಚನ. ಇಂಗ್ಲಿಷಿನಲ್ಲೂ ಅದೇ: 'ಫ್ರೆಂಡ್ಸ್', 'ಈಸ್'.

"ದ ಮದರ್ ಅಲಾಂಗ್ ವಿತ್ ಹರ್ ಚಿಲ್ಡ್ರನ್ ಹ್ಯಾವ್ ಕಮ್." ಮಕ್ಕಳ ಜೊತೆ ಅವ್ವ ಬಂದಾಳ. 'ಬಂದಾರ' ಅಲ್ಲ. ಆದ್ದರಿಂದ 'ಹ್ಯಾಸ್ ಕಮ್'. 'ಆಸ್ ವೆಲ್ ಆಸ್', 'ಟುಗೆದರ್ ವಿತ್' ಬಂದರೂ ಹೀಗೇ, ಕ್ರಿಯಾಪದ ಮೊದಲಿನವರ ಹಿಂದೆ ಹೋಗುತ್ತದೆ. ಕನ್ನಡದಲ್ಲಿ ನೋಡುವಾಗ 'ಮಾಸ್ತರು', 'ಸಾಹೇಬರು' ಅಂತ ಗೌರವದ ಬಹುವಚನ ಬಂದರೆ ದಾರಿ ತಪ್ಪುತ್ತೀರಿ. ಅಲ್ಲಿ ಮರ್ಯಾದೆ ಸ್ವಲ್ಪ ಬದಿಗಿಟ್ಟು 'ಅವನು', 'ಅವಳು' ಅಂತ ಓದಿಕೊಳ್ಳಿ.

"ಹಿ ಡಿಡ್ ನಾಟ್ ವೆಂಟ್." ನಾವು 'ಹೋಗಲಿಲ್ಲ' ಅಂತೀವಿ, 'ಹೋದಲಿಲ್ಲ' ಅಂತ ಯಾರೂ ಅನ್ನುವುದಿಲ್ಲ. 'ಡಿಡ್' ಒಳಗೆ ಭೂತಕಾಲ ಬಂದುಬಿಟ್ಟಿದೆ, ಇನ್ನೊಮ್ಮೆ ಬೇಡ. 'ಡಿಡ್ ನಾಟ್ ಗೋ'.

"ಇಫ್ ಇಟ್ ವಿಲ್ ರೇನ್, ವಿ ವಿಲ್ ನಾಟ್ ಗೋ." ನಾವು ನಾಳಿನ ಮಳೆಗೂ 'ಮಳೆ ಬಂದರೆ' ಅಂತೀವಿ. 'ಬಂದ' ಅನ್ನುವುದು ಭೂತಕಾಲದ ರೂಪ. 'ಬರುವರೆ' ಅಂತ ಭವಿಷ್ಯತ್ತು ಸೇರಿಸುವುದಿಲ್ಲ. ಇಂಗ್ಲಿಷಿನವರೂ 'ಇಫ್' ಕಡೆ 'ವಿಲ್' ಹಾಕುವುದಿಲ್ಲ: 'ಇಫ್ ಇಟ್ ರೇನ್ಸ್'.

"ಆಲ್ದೋ ಶಿ ಸ್ಟಡೀಡ್, ಬಟ್ ಶಿ ಫೇಲ್ಡ್." ಓದಿದರೂ ಫೇಲಾದಳು. 'ಓದಿದರೂ ಆದರೆ ಫೇಲಾದಳು' ಅನ್ನುತ್ತೇವಾ? ಇಲ್ಲ. 'ಆಲ್ದೋ' ಬಂದರೆ 'ಬಟ್' ತೆಗೆಯಿರಿ. ಈ ವಾಕ್ಯ ಬಂದಾಗ ಅವಳು, "ಬ್ಯಾರೆ ಉದಾಹರಣಿ ಸಿಗ್ಲಿಲ್ಲೇನ್ ಅಣ್ಣಾ?" ಅಂದಳು. ತಪ್ಪು ನನ್ನದೇ.

ಇನ್ನು 'ಇನ್ಫರ್ಮೇಶನ್ಸ್', 'ಅಡ್ವೈಸಸ್', 'ಫರ್ನಿಚರ್ಸ್', 'ಲಗೇಜಸ್'. ಇವು ನಮ್ಮ ತೊಗರಿ ಇದ್ದ ಹಾಗೆ. ತೊಗರಿಗಳು ಅಂತ ಯಾವ ರೈತನೂ ಅನ್ನುವುದಿಲ್ಲ. ಎಷ್ಟು ಚೀಲ, ಎಷ್ಟು ಕ್ವಿಂಟಲ್ ಅಂತ ಕೇಳುತ್ತಾರೆ. ಹಾಗೇ 'ಎ ಪೀಸ್ ಆಫ್ ಅಡ್ವೈಸ್'. ಇದನ್ನು ಚಿಕ್ಕಪ್ಪನೂ ಕೇಳಿಸಿಕೊಂಡು, "ಇಂಗ್ಲಿಷಿನ್ಯಾಗೂ ತೊಗರಿ ಅದ ಅನ್ನು!" ಅಂದರು.

ಹುಡುಕುವ ಕ್ರಮ

ತಪ್ಪುಗಳ ಪರಿಚಯ ಆದ ಮೇಲೂ 40 ಸೆಕೆಂಡಿನ ಭಯ ಹೋಗಿರಲಿಲ್ಲ. ಅವಳು ಇಡೀ ವಾಕ್ಯವನ್ನು ನಾಲ್ಕೈದು ಸಲ ಓದಿ, ಕಿವಿಗೆ ಸರಿ ಅನ್ನಿಸಿದರೆ 'ನೋ ಎರರ್' ಹಾಕುತ್ತಿದ್ದಳು. ಆದರೆ ಆ ತಪ್ಪುಗಳನ್ನೇ ನಾವು ದಿನಾ ಕೇಳುತ್ತೇವೆ. ಕಿವಿಗೆ ಅವೇ ಸರಿ ಅನ್ನಿಸುತ್ತವೆ! ಅದಕ್ಕೆ ಒಂದು ಕ್ರಮ ಮಾಡಿದೆವು, ಪ್ರತಿ ವಾಕ್ಯಕ್ಕೂ ಅದೇ ಕ್ರಮ.

1. ಮೊದಲು ಕ್ರಿಯಾಪದ ಹಿಡಿ. ಯಾರು ಮಾಡಿದ್ದು ಅಂತ ಹುಡುಕು. ಒಬ್ಬರಾ, ಹಲವರಾ?
2. ಕಾಲ ಹೇಳುವ ಪದ ಇದೆಯಾ? ಯೆಸ್ಟರ್‌ಡೇ, ಸಿನ್ಸ್, ಫಾರ್, ಇಫ್. ಕ್ರಿಯಾಪದ ಅದಕ್ಕೆ ಹೊಂದುತ್ತಾ?
3. ನಾಮಪದಗಳನ್ನು ನೋಡು. 'ಎ', 'ಆನ್', 'ದ' ಬಿಟ್ಟಿದ್ದಾರಾ? ತೊಗರಿಗೆ 'ಗಳು' ಹಚ್ಚಿದ್ದಾರಾ?
4. ಚಿಕ್ಕ ಪದಗಳು. ಟು, ಇನ್, ಅಬೌಟ್, ವಿತ್, ದ್ಯಾನ್.
5. ಜೋಡಿಗಳು. ಆಲ್ದೋ ಜೊತೆ ಬಟ್ ಇದೆಯಾ? ನೈದರ್ ಇದ್ದರೆ ನಾರ್ ಇದೆಯಾ? 'ರಿಟರ್ನ್ ಬ್ಯಾಕ್' ಅಂತ ಒಂದನ್ನೇ ಎರಡು ಸಲ ಹೇಳಿದ್ದಾರಾ?

ಐದೂ ದಾಟಿ ಏನೂ ಸಿಗದಿದ್ದರೆ ಆಗ ಧೈರ್ಯವಾಗಿ 'ನೋ ಎರರ್'. ಅನುಮಾನದಿಂದ ಹಾಕುವುದಲ್ಲ, ಹುಡುಕಿದ ಮೇಲೆ ಹಾಕುವುದು.

ಊಹೆ ಮಾಡಬೇಕಾ ಬೇಡವಾ ಅನ್ನುವುದಕ್ಕೂ ಲೆಕ್ಕ ಇದೆ. ಐದು ಆಯ್ಕೆ, ತಪ್ಪಿಗೆ ಕಾಲು ಅಂಕ ಕಡಿತ. ಕಣ್ಣು ಮುಚ್ಚಿ ಐದು ಪ್ರಶ್ನೆಗೆ ಹಾಕಿದರೆ ಸರಾಸರಿ ಒಂದು ಸರಿ, ನಾಲ್ಕು ತಪ್ಪು. ಒಂದು ಅಂಕ ಬಂತು, ಒಂದು ಅಂಕ ಹೋಯಿತು. ಲಾಭವೂ ಇಲ್ಲ, ನಷ್ಟವೂ ಇಲ್ಲ, ಸಮಯ ಮಾತ್ರ ವ್ಯರ್ಥ. ಒಂದೆರಡು ತುಂಡು ಖಂಡಿತ ಸರಿ ಇವೆ ಅಂತ ಗೊತ್ತಾದರೆ ಊಹೆ ನಿಮ್ಮ ಕಡೆ ವಾಲುತ್ತದೆ. ಎಸ್‌ಎಸ್‌ಸಿಯ ಸಿಜಿಎಲ್ ಬರೆಯುವವರು ಬೇರೆ ಲೆಕ್ಕ ಹಾಕಬೇಕು. ಅಲ್ಲಿ ಮೊದಲ ಹಂತದ 100 ಪ್ರಶ್ನೆಗಳಲ್ಲಿ 25 ಇಂಗ್ಲಿಷ್, ಸರಿಗೆ 2 ಅಂಕ, ತಪ್ಪಿಗೆ 0.50 ಕಡಿತ.

ಒಂದು ಮಾತು ಅವಳಿಗೆ ಪದೇ ಪದೇ ಹೇಳಿದೆ, ನಿಮಗೂ ಹೇಳುತ್ತೇನೆ. ಇವೆಲ್ಲ ಪರೀಕ್ಷೆಯ ತಪ್ಪುಗಳು, ಬದುಕಿನ ತಪ್ಪುಗಳಲ್ಲ. "ಡಿಸ್ಕಸ್ ಅಬೌಟ್" ಅಂದರೆ ಆಫೀಸಿನಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಕೆಲಸ ನಿಲ್ಲುವುದಿಲ್ಲ. ಮಾತಾಡುವಾಗ ಈ ಐದು ಮೆಟ್ಟಿಲು ಹತ್ತುತ್ತಾ ಕೂತರೆ ಬಾಯಿಯೇ ತೆರೆಯುವುದಿಲ್ಲ. ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿದ ನನ್ನ ಹಾಗೆ ಆಗುತ್ತದೆ.

ಕಲಬುರಗಿಯ ಬಸ್ಸು

ಪರೀಕ್ಷೆಯ ದಿನ ಅವಳು ಬೆಳಿಗ್ಗೆ ಜೇವರ್ಗಿಯಿಂದ ಕಲಬುರಗಿ ಬಸ್ ಹತ್ತಿದಳು. ಚಿಕ್ಕಪ್ಪ ಜೊತೆಗೆ ಹೋದರು. ಕಟ್ಟಿಸಂಗಾವಿ ಹತ್ತಿರ ಭೀಮಾ ಸೇತುವೆ ದಾಟುವಾಗ ನನಗೆ ಮೆಸೇಜ್ ಮಾಡಿದಳು: "ಅಣ್ಣಾ, ಪುಸ್ತಕ ಬಂದ್ ಮಾಡೀನಿ." ನೋಟ್‌ಬುಕ್ಕಿನಲ್ಲಿ ಆಗ ಎಪ್ಪತ್ತು ಪುಟ ತುಂಬಿದ್ದವು. ಕೊನೆಯ ಪುಟಗಳಲ್ಲಿ ಒಂದೊಂದೇ ತಪ್ಪು ಇದ್ದವು.

ಪೂರ್ವಭಾವಿ ಪಾಸಾಗಿದೆ. ಮುಖ್ಯ ಪರೀಕ್ಷೆ ಬರೆದಿದ್ದಾಳೆ, ಫಲಿತಾಂಶ ಬರಬೇಕು. ಏನಾಗುತ್ತದೋ ಹೇಳಲಾರೆ. ನೋಡಲಿಕ್ಕೆ ಬರುವವರಿಗೆ ಚಿಕ್ಕಪ್ಪ "ರಿಸಲ್ಟ್ ಬರ್ಲಿ, ತಡೀರಿ" ಅಂದಿದ್ದಾರೆ. ಇನ್ನೊಂದು ಸಲ ಬರೆಯಬೇಕಾದರೂ ಬರೆಯಲಿ ಅಂತ ನನ್ನ ಹತ್ತಿರ ಗುಟ್ಟಾಗಿ ಹೇಳಿದ್ದಾರೆ. ಅದನ್ನು ಅವಳಿಗೆ ಇನ್ನೂ ಹೇಳಿಲ್ಲ.

ಹೋದ ವಾರ ಅವಳೇ ಫೋನ್ ಮಾಡಿದಳು. ಯಾವುದೋ ಕೆಲಸಕ್ಕೆ ನಾನು ಅವಳಿಗೆ ಕಳಿಸಿದ್ದ ಸ್ಕ್ರೀನ್‌ಶಾಟಿನಲ್ಲಿ ನನ್ನ ಆಫೀಸಿನ ಮೇಲ್ ಒಂದು ಕಾಣುತ್ತಿತ್ತಂತೆ. "ಪ್ಲೀಸ್ ರಿವರ್ಟ್ ಬ್ಯಾಕ್ ಸೂನ್."

"ಅಣ್ಣಾ, ರಿವರ್ಟ್ ಅಂದ್ರೇ ಹಿಂದಕ್ಕ ಹೋಗೋದು. ಮತ್ತ ಬ್ಯಾಕ್ ಯಾಕ? ಐದನೇ ಮೆಟ್ಟಿಲು."

ನಾನು ಸುಮ್ಮನಾದೆ.

"ಇಷ್ಟ್ ಸಿಂಪಲ್ ಬರೋದಿಲ್ಲೇನ್ ನಿನಗ?" ಅಂದು ನಕ್ಕಳು. ನೋಟ್‌ಬುಕ್ಕಿನ ಎಪ್ಪತ್ತೊಂದನೇ ಪುಟದಲ್ಲಿ ಆ ಸಾಲು ಈಗ ನನ್ನ ಹೆಸರಿನಲ್ಲಿದೆ.